ಸ್ಕ್ರೂ ಮ್ಯಾಲಿನ ಕೈ ತಗಿ

ಅಕ್ಟೋಬರ್ ಕೊನೆಯ ವಾರ ಅಂದರೆ ಹುಬ್ಬಳ್ಳಿಯಲ್ಲಿ ಟೀಶರ್ಟ್ ಪ್ರಿಂಟ್ ಮಾಡುವವರಿಗೆ ನಿದ್ದೆ ಇಲ್ಲದ ವಾರ. ಆಟೋ ಸ್ಟ್ಯಾಂಡಿನವರು, ಕಾಲೇಜಿನವರು, ಓಣಿಯ ಹುಡುಗರು, ಎಲ್ಲರಿಗೂ ಹಳದಿ-ಕೆಂಪು ಬೇಕು. ಎಲ್ಲರಿಗೂ 31ರ ಸಂಜೆಯೊಳಗೇ ಬೇಕು. ಹೋದ ವರ್ಷ ಅಂಥ ಒಂದು ಆರ್ಡರಿನಲ್ಲಿ ನಾನು 23 ಟೀಶರ್ಟ್ ಹಾಳು ಮಾಡಿದೆ. ಪ್ರೆಸ್ಸಿನ ಮುಂದೆ ನಿಂತು ನಾನು ವರ್ಷಗಟ್ಟಲೆ ಮಾಡುತ್ತಿದ್ದ ಒಂದು ತಪ್ಪು ಅವತ್ತು ಗೊತ್ತಾಯಿತು.

ಗೋಕುಲ ರಸ್ತೆಯ ಕಡೆ ನನ್ನದೊಂದು ಸಣ್ಣ ಶೆಡ್. ಒಂದು ಮ್ಯಾನುಯಲ್ ಪ್ರೆಸ್ ಇದೆ. ನಾಲ್ಕು ಕಲರ್, ನಾಲ್ಕು ಸ್ಟೇಷನ್, ಅಂದರೆ ಸ್ಕ್ರೀನ್ ಹಿಡಿಯುವ ನಾಲ್ಕು ತೋಳು, ಟೀಶರ್ಟ್ ಹಾಕುವ ನಾಲ್ಕು ಹಲಗೆ. ಸ್ಕ್ರೀನ್ (ಫ್ರೇಮಿಗೆ ಬಿಗಿದ ಜಾಲರಿ, ಡಿಸೈನ್ ಇರುವ ಕಡೆ ಮಾತ್ರ ಇಂಕು ಇಳಿಯುತ್ತದೆ) ಇಳಿಸುವುದು, ಸ್ಕ್ವೀಜಿ (ಇಂಕು ಒತ್ತುವ ರಬ್ಬರ್ ಪಟ್ಟಿ) ಎಳೆಯುವುದು, ಹಲಗೆ ತಿರುಗಿಸುವುದು, ಎಲ್ಲ ಕೈಯಿಂದಲೇ. ಆರ್ಡರ್ 150 ಕಪ್ಪು ಟೀಶರ್ಟ್, ತಿರುಪ್ಪೂರಿನ ಕಾಟನ್ ಮಾಲು. ಎದೆಯ ಮೇಲೆ ಕರ್ನಾಟಕದ ನಕ್ಷೆ, ಮೇಲರ್ಧ ಹಳದಿ, ಕೆಳಗರ್ಧ ಕೆಂಪು, ಕೆಳಗೆ ಬಿಳಿ ಅಕ್ಷರ. ಕಪ್ಪು ಬಟ್ಟೆಯ ಮೇಲೆ ಹಳದಿ ನೇರವಾಗಿ ಹಾಕಿದರೆ ಕೆಸರಿನ ಬಣ್ಣ ಬರುತ್ತದೆ. ಹಾಗಾಗಿ ಮೊದಲು ಅಡಿಯಲ್ಲಿ ಬೇಸ್ ವೈಟ್, ಅದನ್ನು ಫ್ಲಾಶ್ ಹೀಟರಿನ ಕೆಳಗೆ ಒಣಗಿಸಿ, ಆಮೇಲೆ ಹಳದಿ, ಕೆಂಪು, ಕೊನೆಗೆ ಅಕ್ಷರದ ಬಿಳಿ. ನಾಲ್ಕು ಸ್ಕ್ರೀನ್.

ಮೊದಲ ಏಳು ಟೀಶರ್ಟ್ ಚಂದ ಬಂದವು. ಎಂಟನೆಯದರಲ್ಲಿ ಕೆಂಪಿನ ಎಡ ಅಂಚಿನಿಂದ ಬೇಸಿನ ಬಿಳಿ ಗೆರೆ ಇಣುಕಿತು. ನಾನು ಕೆಂಪು ಸ್ಕ್ರೀನನ್ನು ಕೂದಲೆಳೆಯಷ್ಟು ಜರುಗಿಸುವ ಮೈಕ್ರೋ ಸ್ಕ್ರೂ ಚೂರು ಎಡಕ್ಕೆ ತಿರುವಿದೆ. ಒಂಬತ್ತನೆಯದರಲ್ಲಿ ಬಲಕ್ಕೆ ಇಣುಕಿತು. ವಾಪಸ್ ತಿರುವಿದೆ. ಹತ್ತನೆಯದರಲ್ಲಿ ಕೆಳಗೆ. ಆಮೇಲೆ ಹಳದಿಯೂ ಹೋಯಿತು. ಅದರ ಸ್ಕ್ರೂ ತಿರುವಿದೆ. ಒಂದು ಗಂಟೆಯಲ್ಲಿ ನಾಲ್ಕೂ ಸ್ಕ್ರೀನ್ ಮೊದಲು ಎಲ್ಲಿದ್ದವು ಅಂತಲೇ ನನಗೆ ಗೊತ್ತಿರಲಿಲ್ಲ.

ಪಕ್ಕದ ಶೆಡ್ಡಿನಲ್ಲಿ ಒಬ್ಬರು ಹಿರಿಯರಿದ್ದಾರೆ. ನಾವೆಲ್ಲ ಕಾಕಾ ಅಂತೀವಿ. ಮೊದಲು ಮದುವೆ ಪತ್ರಿಕೆ, ಆಮೇಲೆ ಕೈಚೀಲ, ಆಮೇಲೆ ಬಟ್ಟೆ, ಹೀಗೆ ಜೀವಮಾನವೆಲ್ಲ ಸ್ಕ್ರೀನ್ ಎಳೆದವರು. ಚಹಾ ಕುಡಿಯಲು ಕರೆಯಲು ಬಂದವರು ನೆಲದ ಮೇಲೆ ಬಿದ್ದ ಟೀಶರ್ಟ್ ನೋಡಿ ಅಲ್ಲೇ ನಿಂತರು.

"ಸ್ಕ್ರೂ ಮ್ಯಾಲಿನ ಕೈ ತಗಿ ಮೊದಲ," ಅಂದರು.

"ರಿಜಿಸ್ಟರ್ ಔಟ್ ಆಗ್ಯದ ಕಾಕಾ," ಅಂದೆ. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ.

"ಅದು ಕಾಣಸ್ತದ. ಎಲ್ಲಾ ಅಂಗಿಯೊಳಗ ಒಂದ ಕಡಿ ತಪ್ಪ್ಯದೋ, ಒಂದೊಂದರಾಗ ಒಂದೊಂದ ಕಡಿ ತಪ್ಪ್ಯದೋ?"

ನಾನು ಟೀಶರ್ಟ್‌ಗಳನ್ನು ಸಾಲಾಗಿ ಹಾಸಿದೆ. ಒಂದೊಂದರಲ್ಲಿ ಒಂದೊಂದು ಕಡೆ.

"ಹಂಗಾರ ಸ್ಕ್ರೂ ಏನ್ ಮಾಡ್ತದೋ ತಮ್ಮಾ? ಅದರ ಕೆಲಸ ಅಲ್ಲ ಇದು."

ಯೋಚಿಸಿದರೆ ಎಷ್ಟು ಸರಳ ಅಲ್ವಾ? ಪ್ರತಿ ಟೀಶರ್ಟಿನಲ್ಲೂ ಕೆಂಪು ಒಂದೇ ಕಡೆಗೆ, ಒಂದೇ ಅಳತೆಯಷ್ಟು ತಪ್ಪಿದ್ದರೆ ಸ್ಕ್ರೀನ್ ಕೂರಿಸಿದ್ದೇ ತಪ್ಪು. ಅದನ್ನು ಸ್ಕ್ರೂ ಸರಿ ಮಾಡುತ್ತದೆ. ದಿಕ್ಕು ಬದಲಾಗುತ್ತಿದ್ದರೆ ಏನೋ ಒಂದು ಅಲ್ಲಾಡುತ್ತಿದೆ. ಅಲ್ಲಾಡುವುದನ್ನು ಹಿಡಿಯದೆ ಸ್ಕ್ರೂ ತಿರುವಿದರೆ ಹಳೆಯ ತಪ್ಪಿನ ಜೊತೆಗೆ ನಮ್ಮದೂ ಒಂದು ಸೇರಿಕೊಳ್ಳುತ್ತದೆ.

ಏನು ಅಲ್ಲಾಡುತ್ತಿದೆ ಅಂತ ಹುಡುಕುವುದಕ್ಕೆ ಕಾಕಾ ಮಾಡಿದ ಪರೀಕ್ಷೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಅದಕ್ಕೇ ಈ ಬರಹ.

ಹಾಳಾದ ಒಂದು ಟೀಶರ್ಟನ್ನು ಒಳಮಗ್ಗುಲು ಮಾಡಿ ಹಲಗೆಗೆ ಹಾಕಿಸಿದರು. ಬಣ್ಣಗಳನ್ನು ಹೊಂದಿಸಿ ನೋಡಲು ಬೇಸ್ ಸ್ಕ್ರೀನಿನಲ್ಲಿರುವ ಪ್ಲಸ್ ಮಾರ್ಕುಗಳ ಮೇಲಿನ ಟೇಪ್ ಕೀಳಿಸಿದರು. ಒಂದು ಸಲ ಪ್ರಿಂಟ್. ಸ್ಕ್ರೀನ್ ಎತ್ತಿ, ಏನನ್ನೂ ತಿರುಗಿಸದೆ, ಅದನ್ನೇ ಮತ್ತೆ ಇಳಿಸಿ ಇನ್ನೊಂದು ಸಲ. ಪ್ಲಸ್ಸಿನ ಗೆರೆ ಎರಡಾಗಿ ಕಂಡರೆ ಸ್ಕ್ರೀನ್ ಹಿಡಿದ ತೋಳಿನಲ್ಲಿ ಆಟ ಇದೆ ಅಂತ ಅರ್ಥ. ಬೇರಿಂಗ್ ಸವೆದಿರುತ್ತದೆ, ಇಲ್ಲವೇ ಫ್ರೇಮ್ ಕಚ್ಚಿದ ಕ್ಲಾಂಪ್ ಸಡಿಲ ಇರುತ್ತದೆ. ನನ್ನ ಮೊದಲ ತೋಳಿನಲ್ಲಿ ಗೆರೆ ಒಂದೇ ಬಂತು.

ಎರಡನೆಯದು, ಹಲಗೆಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಮತ್ತೆ ಅದೇ ಸ್ಕ್ರೀನಿನ ಕೆಳಗೆ ತಂದು ಪ್ರಿಂಟ್. ಈಗ ಗೆರೆ ಎರಡಾದರೆ ಸ್ಟೇಷನ್ ತನ್ನ ಜಾಗಕ್ಕೆ ಬಂದು ಸರಿಯಾಗಿ ಲಾಕ್ ಆಗುತ್ತಿಲ್ಲ. ಅದೂ ಒಂದೇ ಬಂತು.

ಮೂರನೆಯದು, ಪ್ರಿಂಟ್ ಮಾಡಿ, ಫ್ಲಾಶ್ ಕೆಳಗೆ ಹಿಡಿದು, ವಾಪಸ್ ತಂದು ಮತ್ತೆ ಪ್ರಿಂಟ್. ಗೆರೆ ಎರಡಾಯಿತು. ಅದೂ ಹೇಗೆ? ಎಡಗಡೆಯ ಪ್ಲಸ್ ಬಲಕ್ಕೆ ಸರಿದಿತ್ತು, ಬಲಗಡೆಯದು ಎಡಕ್ಕೆ. ನಡುವೆ ಮಾತ್ರ ಸರಿಯಾಗಿ ಕೂತಿತ್ತು. ಅಂದರೆ ಬಟ್ಟೆ ಜರುಗಿರಲಿಲ್ಲ. ಕುಗ್ಗಿತ್ತು.

ನಡು ಸರಿ ಇದ್ದು ಎರಡೂ ಅಂಚು ತಪ್ಪಿದ್ದರೆ ಅಳತೆಯೇ ಬದಲಾಗಿದೆ. ಅದನ್ನು ಯಾವ ಸ್ಕ್ರೂವೂ ಸರಿ ಮಾಡಲಾರದು. ಈ ಕಡೆ ತಂದರೆ ಆ ಕಡೆ ಹೋಗುತ್ತದೆ. ನಾನು ಒಂದು ಗಂಟೆ ಮಾಡಿದ್ದು ಅದೇ ಕೆಲಸ.

ಕಾಟನ್ ಬಟ್ಟೆಯಲ್ಲಿ ಯಾವಾಗಲೂ ಸ್ವಲ್ಪ ತೇವ ಇರುತ್ತದೆ. ಫ್ಲಾಶ್ ಬಿಸಿಗೆ ಆ ತೇವ ಹಾರಿ ಹೆಣಿಗೆ ಬಿಗಿಯುತ್ತದೆ. ಜೊತೆಗೆ ನಾವು ಟೀಶರ್ಟ್ ಹಾಕುವಾಗ ಸುಕ್ಕು ಬರಬಾರದು ಅಂತ ಎಳೆದು ಹಾಕಿರುತ್ತೇವೆ, ಅದೂ ವಾಪಸ್ ಹೋಗಲು ನೋಡುತ್ತದೆ. 28 ಸೆಂ.ಮೀ. ಅಗಲದ ಡಿಸೈನಿನಲ್ಲಿ ಬಟ್ಟೆ ನೂರಕ್ಕೆ ಅರ್ಧದಷ್ಟು ಕುಗ್ಗಿದರೂ ಸಾಕು, 1.4 ಮಿ.ಮೀ. ಆಯಿತು. ಅಷ್ಟೂ ಒಂದೇ ಅಂಚಿಗೆ ಬಂದರೆ ರಸ್ತೆಯ ಆ ಕಡೆಯಿಂದ ಕಾಣುತ್ತದೆ.

ಹಾಗಾದರೆ ಮೊದಲ ಏಳು ಯಾಕೆ ಚೆನ್ನಾಗಿ ಬಂದವು? ಆಗ ಹಲಗೆಗಳು ತಣ್ಣಗಿದ್ದವು. ಕೆಲಸ ಸಾಗಿದ ಹಾಗೆ ಹಲಗೆ ಕಾಯಿತು, ಆದರೆ ನಾನು ಫ್ಲಾಶ್ ಸಮಯ ಕಮ್ಮಿ ಮಾಡಲಿಲ್ಲ. ಒಂದು ಟೀಶರ್ಟ್ 10 ಸೆಕೆಂಡ್ ಇದ್ದರೆ, ಫೋನ್ ಬಂದಾಗ ಇನ್ನೊಂದು 25 ಸೆಕೆಂಡ್ ಅಲ್ಲೇ ಕೂತಿರುತ್ತಿತ್ತು. ಕಾಯುವವರ ಫೋನು ಆ ವಾರ ಎಷ್ಟು ಬರುತ್ತವೆ ಅಂತ ನಿಮಗೆ ಗೊತ್ತಿರಬೇಕು. ಅದರ ಜೊತೆಗೆ ಟೇಬಲ್ ಗಮ್, ಅಂದರೆ ಟೀಶರ್ಟ್ ಜರುಗದ ಹಾಗೆ ಹಲಗೆಗೆ ಹಚ್ಚುವ ಅಂಟು. ಬೆಳಿಗ್ಗೆ ಒಮ್ಮೆ ಹಚ್ಚಿದ್ದು, ಬಟ್ಟೆಯ ನಾರು ಮೆತ್ತಿಕೊಂಡು ಅಂಟು ಹೋಗಿತ್ತು. ಗಟ್ಟಿ ಹಿಡಿದಿದ್ದರೆ ಬಟ್ಟೆ ಇಷ್ಟು ಕುಗ್ಗುತ್ತಿರಲಿಲ್ಲ. ಹಿಡಿತ ಒಂದು ಮೂಲೆಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಇಲ್ಲದ ಕಡೆಯಿಂದ ಬಟ್ಟೆ ಸರಿಯುತ್ತದೆ. ದಿಕ್ಕು ಬದಲಾಗುತ್ತಿದ್ದದ್ದು ಅದಕ್ಕೇ.

ಪರಿಹಾರ ದೊಡ್ಡದೇನಲ್ಲ. ಹಲಗೆಗಳನ್ನು ಮೊದಲೇ ಬಿಸಿ ಮಾಡಿಕೊಂಡು, ಆ ಬಿಸಿಯಲ್ಲೇ ರಿಜಿಸ್ಟರ್ ಕೂರಿಸಿದೆ. ಟೀಶರ್ಟ್ ಹಾಕಿದ ಕೂಡಲೇ, ಬೇಸ್ ಹಾಕುವ ಮುಂಚೆ, ಒಮ್ಮೆ ಖಾಲಿ ಬಟ್ಟೆಯನ್ನೇ ಫ್ಲಾಶ್ ಕೆಳಗೆ ಹಿಡಿದೆ. ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ. ಬೇಸಿಗೆ ಫ್ಲಾಶ್ ಎಷ್ಟು ಬೇಕೋ ಅಷ್ಟೇ: ಬೆರಳು ಮುಟ್ಟಿದರೆ ಇಂಕು ಅಂಟಬಾರದು, ಅಷ್ಟು ಸಾಕು. ಅದು ಪೂರ್ತಿ ಬೇಯುವುದು ಬೇಡ, ಅದಕ್ಕೆ ಕೊನೆಯಲ್ಲಿ ಕ್ಯೂರಿಂಗ್ ಇದ್ದೇ ಇದೆ. ಬೇಸ್ ಜಾಸ್ತಿ ಬೆಂದರೆ ಮೇಲಿನ ಬಣ್ಣ ಸರಿಯಾಗಿ ಕಚ್ಚುವುದೂ ಇಲ್ಲ. ಗಮ್ ಮತ್ತೆ ಹಚ್ಚಿದೆ. ಕೈಗೆ ಅಂಟು ಹತ್ತಿಲ್ಲ ಅಂದರೆ ಮತ್ತೆ ಹಚ್ಚುವುದು, ಲೆಕ್ಕ ಇಡುವುದು ಬೇಡ.

ಇನ್ನೊಂದು ತಪ್ಪು ಡಿಸೈನಿನಲ್ಲೇ ಇತ್ತು. ಬೇಸಿನ ಫಿಲ್ಮ್, ಅಂದರೆ ಸ್ಕ್ರೀನಿಗೆ ಡಿಸೈನ್ ಇಳಿಸುವ ಪಾರದರ್ಶಕ ಹಾಳೆ, ಮೇಲಿನ ಬಣ್ಣದಷ್ಟೇ ಅಳತೆಯದಾಗಿತ್ತು. ಕೂದಲೆಳೆ ಸರಿದರೂ ಬಿಳಿ ಕಾಣುತ್ತದೆ. ಬೇಸನ್ನು ಸುತ್ತಲೂ ಒಂದು ಪಾಯಿಂಟ್, ಅಂದರೆ 0.35 ಮಿ.ಮೀ. ಒಳಗೆ ತೆಗೆದುಕೊಂಡರೆ ಆ ಸರಿತ ಬಣ್ಣದಡಿ ಮುಚ್ಚಿಹೋಗುತ್ತದೆ. ಹಾಗೇ ಹಳದಿ ಕೆಂಪು ಸೇರುವ ಕಡೆ ಒಂದರ ಮೇಲೊಂದು ಚೂರು ಹತ್ತಿಸಬೇಕು. ಅವತ್ತು ರಾತ್ರಿ ಬೇಸ್ ಸ್ಕ್ರೀನ್ ಹೊಸದಾಗಿ ಮಾಡಿದೆ. ಕೈ ಕೆಲಸದ ಪ್ರೆಸ್ಸಿಗೆ ಕಂಪ್ಯೂಟರಿನಷ್ಟು ಕರಾರುವಾಕ್ಕಾದ ಡಿಸೈನ್ ಕೊಡುವುದು ನನ್ನ ಪ್ರಕಾರ ಅಹಂಕಾರ.

ಅಳತೆ ಬದಲಾಗುವುದಕ್ಕೆ ಇನ್ನೆರಡು ಕಾರಣ ನಾನು ಆಮೇಲೆ ಕಂಡಿದ್ದೇನೆ. ಒಂದು ಲೇಸರ್ ಪ್ರಿಂಟರಿನಲ್ಲಿ ತೆಗೆದ ಫಿಲ್ಮ್. ಪ್ರಿಂಟರಿನ ಒಳಗಿನ ಬಿಸಿಗೆ ಫಿಲ್ಮ್ ಚೂರು ಹಿಗ್ಗುಕುಗ್ಗಾಗುತ್ತದೆ, ನಾಲ್ಕೂ ಒಂದೇ ಥರ ಆಗುವುದಿಲ್ಲ. ಈಗ ನಾಲ್ಕೂ ಫಿಲ್ಮನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿಯೇ ಎಕ್ಸ್‌ಪೋಸಿಂಗಿಗೆ (ಬೆಳಕು ಹಾಯಿಸಿ ಡಿಸೈನನ್ನು ಸ್ಕ್ರೀನಿಗೆ ಇಳಿಸುವುದಕ್ಕೆ) ಹೋಗುತ್ತೇನೆ. ಎರಡು ನಿಮಿಷದ ಕೆಲಸ. ಇನ್ನೊಂದು ಸಡಿಲ ಮೆಶ್, ಅಂದರೆ ಸ್ಕ್ರೀನಿನ ಜಾಲರಿ. ಸ್ಕ್ರೀನಿಗೂ ಬಟ್ಟೆಗೂ ನಡುವೆ 2-3 ಮಿ.ಮೀ. ಅಂತರ ಇರಬೇಕು, ಸ್ಕ್ವೀಜಿ ದಾಟಿದ ಕೂಡಲೇ ಮೆಶ್ ಪಟ್ ಅಂತ ಬಟ್ಟೆ ಬಿಡಬೇಕು. ಮೆಶ್ ಸಡಿಲ ಇದ್ದರೆ ಅದು ಬಿಡುವುದಿಲ್ಲ. ಬಿಡಲಿ ಅಂತ ನಾವು ಅಂತರ ಜಾಸ್ತಿ ಮಾಡುತ್ತೇವೆ, ಒತ್ತಿ ಎಳೆಯುತ್ತೇವೆ, ಮೆಶ್ ಜಗ್ಗಿ ಪ್ರಿಂಟ್ ಉದ್ದ ಆಗುತ್ತದೆ. ಮರದ ಫ್ರೇಮು ನೀರು ಕುಡಿದೂ ಕುಡಿದೂ ಹೀಗಾಗುವುದು ಜಾಸ್ತಿ. ಮಲ್ಟಿಕಲರಿಗೆ ನಾನೀಗ ಮರದ ಫ್ರೇಮ್ ಮುಟ್ಟುವುದಿಲ್ಲ, ಅಲ್ಯೂಮಿನಿಯಂ ಅಷ್ಟೇ.

ಅಕ್ಷರದ ಬಗ್ಗೆ ಒಂದು ಮಾತು. ಬೇಸಿಗೆ ನಾನು 43 ಟಿ (ಸೆಂ.ಮೀ.ಗೆ 43 ಎಳೆ) ಮೆಶ್ ಬಳಸುತ್ತೇನೆ, ಇಂಕು ಧಾರಾಳ ಇಳಿಯಬೇಕಲ್ಲ. ಹಿಂದೆ ಅದೇ ಮೆಶ್ಶಿನಲ್ಲಿ ಅಕ್ಷರವನ್ನೂ ಮಾಡುತ್ತಿದ್ದೆ. ಇಂಗ್ಲಿಷ್ ಅಕ್ಷರಕ್ಕೆ ನಡೆಯುತ್ತದೆ. ಕನ್ನಡದ ಒತ್ತಕ್ಷರ ಸಣ್ಣದಾಗಿದ್ದರೆ ಒಳಗಿನ ಕಿಂಡಿಗಳು ಮುಚ್ಚಿ 'ಕ್ಷ' ಒಂದು ಬಿಳಿ ಉಂಡೆ ಆಗುತ್ತದೆ. ಈಗ ಅಕ್ಷರಕ್ಕೆ 77 ಟಿ.

ಪಕ್ಕಾ ಕೆಲಸ ಅಂದರೆ ಏನು ಅಂತ ನೋಡಬೇಕಾದರೆ ನಮ್ಮ ಬೆಂಗೇರಿಗೆ ಹೋಗಬೇಕು. ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಅಲ್ಲಿ ರಾಷ್ಟ್ರಧ್ವಜ ಮಾಡುತ್ತಾರೆ. ಚಕ್ರವನ್ನು ಬಿಳಿ ಬಟ್ಟೆಯ ಎರಡೂ ಬದಿಗೆ ಪ್ರಿಂಟ್ ಮಾಡಬೇಕು. ಈ ಬದಿಯ 24 ಅರಗಳ ಹಿಂದೆ ಆ ಬದಿಯ 24 ಅರಗಳು ಕೂರಬೇಕು. ನಮಗೆ ಒಂದೇ ಬದಿಯಲ್ಲಿ ಕೂರಿಸಲು ಇಷ್ಟು ಒದ್ದಾಟ!

ಪ್ರೆಸ್ಸಿನ ಮೇಲೆ ಕಾಣದ ತಪ್ಪೂ ಇರುತ್ತದೆ. ಒಂದು ಟೆನಿಸ್ ಬಾಲ್ ಕ್ರಿಕೆಟ್ ತಂಡಕ್ಕೆ ಕೆಂಪು ಪಾಲಿಯೆಸ್ಟರ್ ಜೆರ್ಸಿಯ ಮೇಲೆ ಬಿಳಿ ನಂಬರ್ ಹಾಕಿ ಕೊಟ್ಟಿದ್ದೆ. ಶುಕ್ರವಾರ ಹಾಲಿನಂಥ ಬಿಳಿ. ಸೋಮವಾರ ಕ್ಯಾಪ್ಟನ್ ಫೋನ್: "ಅಣ್ಣಾ, ನಂಬರ್ ಗುಲಾಬಿ ಆಗ್ಯಾವಲ್ಲ?" ಪಾಲಿಯೆಸ್ಟರಿನ ಬಣ್ಣ ಜಾಸ್ತಿ ಬಿಸಿಗೆ ಆವಿಯಾಗಿ ಮೇಲಿನ ಇಂಕಿಗೆ ಏರುತ್ತದೆ. ಮಾಮೂಲಿ ಪ್ಲಾಸ್ಟಿಸಾಲ್ ಇಂಕು ಬೇಯಲು ಸುಮಾರು 160 ಡಿಗ್ರಿ ಬೇಕು, ಆ ಬಿಸಿಯೇ ಅದಕ್ಕೆ ದಾರಿ. ಬಿಸಿಬಿಸಿ ಜೆರ್ಸಿಗಳನ್ನು ಒಂದರ ಮೇಲೊಂದು ಪೇರಿಸಿ ಚೀಲಕ್ಕೆ ತುಂಬಿದ್ದು ಇನ್ನೂ ಕೆಟ್ಟದಾಯಿತು. ಈಗ ಪಾಲಿಯೆಸ್ಟರ್ ಅಂದರೆ ಕಮ್ಮಿ ಬಿಸಿಯಲ್ಲಿ ಬೇಯುವ ಇಂಕು, ಅಡಿಯಲ್ಲಿ ಬಣ್ಣ ತಡೆಯುವ ಬೂದು ಬೇಸ್, ಮತ್ತು ಒಂದು ಪೀಸ್ ಮಾಡಿ ಎರಡು ದಿನ ಬಿಟ್ಟು ನೋಡುವುದು. ಎರಡು ದಿನ ಕೊಡದವರ ಆರ್ಡರ್ ಬೇಡ ಅಂತೀನಿ.

ಮಳೆಗಾಲದ ಕೋಟಿಂಗ್ ಬಗ್ಗೆಯೂ ಬರೆಯಬಹುದಿತ್ತು. ಧಾರವಾಡದ ಜುಲೈ ಜಿಟಿಜಿಟಿ ಮಳೆಯಲ್ಲಿ ಎಮಲ್ಷನ್ (ಸ್ಕ್ರೀನಿಗೆ ಬಳಿಯುವ, ಬೆಳಕಿಗೆ ಗಟ್ಟಿಯಾಗುವ ಲೇಪ) ಒಣಗಿದ ಹಾಗೆ ಕಂಡು ಒಳಗೆ ಹಸಿ ಇರುತ್ತದೆ, ಎಕ್ಸ್‌ಪೋಸ್ ಮಾಡಿ ನೀರು ಹೊಡೆದರೆ ಡಿಸೈನ್ ಸಮೇತ ಕಿತ್ತು ಬರುತ್ತದೆ. ಸದ್ಯಕ್ಕೆ ಇಷ್ಟೇ: ಫ್ಯಾನ್ ಸಾಲದು, ಮುಚ್ಚಿದ ಪೆಟ್ಟಿಗೆಯಲ್ಲಿ ಸಣ್ಣ ಬಿಸಿ ಗಾಳಿ ಬೇಕು.

ರಾಜ್ಯೋತ್ಸವದ ಆರ್ಡರ್ 31ರ ರಾತ್ರಿ ಹತ್ತಕ್ಕೆ ಹೋಯಿತು. 23 ಟೀಶರ್ಟ್ ನನ್ನ ಖರ್ಚು. ಆಮೇಲೆ ಕಾಕಾನ ಪರೀಕ್ಷೆಯನ್ನು ನಾಲ್ಕೂ ತೋಳುಗಳಿಗೆ ಮಾಡಿದೆ. ಮೂರನೇ ತೋಳಿನಲ್ಲಿ ಮೊದಲ ಪರೀಕ್ಷೆಗೇ ಗೆರೆ ಎರಡಾಯಿತು. ಬೇರಿಂಗ್ ಸವೆದಿದೆ. ಆ ಅಳತೆಯದು ಇನ್ನೂ ಸಿಕ್ಕಿಲ್ಲ. ಅಲ್ಲಿವರೆಗೆ ಆ ತೋಳಿಗೆ, ಬೇರೆ ಬಣ್ಣಕ್ಕೆ ತಾಗದೆ ದೂರ ನಿಲ್ಲುವ ಬಣ್ಣ ಮಾತ್ರ ಹಾಕುತ್ತೇನೆ. ಕೆಳಗಿನ ಅಕ್ಷರ, ಮೂಲೆಯ ಲೋಗೋ, ಅಂಥದ್ದು. ಪ್ಲಸ್ ಮಾರ್ಕ್ ಹೊಡೆದ ಆ ಟೀಶರ್ಟ್ ಪ್ರೆಸ್ಸಿನ ಪಕ್ಕದ ಮೊಳೆಗೆ ನೇತಾಡುತ್ತಿದೆ. ಅದರ ಮೇಲೆ ಈಗ ಹೊಸ ಗೆರೆಗೆ ಜಾಗ ಇಲ್ಲ.