ಭಾನುವಾರ ಮಿಕ್ಸಿ ಹಾಕದ ಊರು

ಶನಿವಾರ ಸಂಜೆ ಏಳರ ಮೇಲೆ ಮ್ಯೂನಿಕ್‌ನ ಯಾವ ಸೂಪರ್‌ಮಾರ್ಕೆಟ್ಟಿಗೆ ಹೋದರೂ ನಾಳೆ ಬಂದ್ ಇದೆಯೇನೋ ಅನ್ನಿಸಬೇಕು, ಅಷ್ಟು ರಶ್ಶು. ಬಂದ್ ಏನೂ ಇಲ್ಲ, ಬರೀ ಭಾನುವಾರ. ರಾತ್ರಿ 8ಕ್ಕೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸೋಮವಾರವೇ. "ರಜಾ ದಿನ ತಾನೇ ಜನ ಅಂಗಡಿಗೆ ಬರೋದು? ಅವರಿಗೆ ವ್ಯಾಪಾರ ಬೇಡ್ವೇನೋ?" ಅಂತ ಅಮ್ಮ ಫೋನಿನಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಗಾಂಧಿಬಜಾರು ಭಾನುವಾರ ಮುಚ್ಚಿದರೆ ಹೇಗಿರುತ್ತೆ, ಯೋಚಿಸಿ.

ಅಂಗಡಿಯವರಿಗೆ ಬೇಕೆಂದರೂ ತೆಗೆಯುವ ಹಾಗಿಲ್ಲ. ಭಾನುವಾರ ದುಡಿಮೆಗೆ ಬಿಡುವು ಎಂದು ಜರ್ಮನಿಯ ಹಿಂದಿನ ಸಂವಿಧಾನದಲ್ಲೇ, ಅಂದರೆ 1919ರ ವೈಮಾರ್ ಸಂವಿಧಾನದಲ್ಲೇ ಬರೆದರು. 1949ರಲ್ಲಿ ಹೊಸ ಸಂವಿಧಾನ ಬಂದಾಗ ಆ ವಿಧಿಯನ್ನು ಹಾಗೇ ಉಳಿಸಿಕೊಂಡರು. ಚರ್ಚಿನವರೂ ಕಾರ್ಮಿಕ ಸಂಘದವರೂ ಈ ವಿಷಯದಲ್ಲಿ ಮಾತ್ರ ಒಂದೇ ಪಕ್ಷ!

ಸದ್ದಿಗೂ ರಜೆ. ಗೋಡೆಗೆ ಡ್ರಿಲ್ ಹೊಡೆಯುವಂತಿಲ್ಲ, ಹುಲ್ಲು ಕತ್ತರಿಸುವ ಮೆಷಿನ್ ಓಡಿಸುವಂತಿಲ್ಲ. ಬೀದಿಯಲ್ಲಿ ಗಾಜಿನ ಬಾಟಲಿ ಹಾಕಲು ಇಟ್ಟಿರುವ ದೊಡ್ಡ ಡಬ್ಬಗಳ ಮೇಲೂ ವೇಳಾಪಟ್ಟಿ ಅಂಟಿಸಿರುತ್ತಾರೆ, ಅದರಲ್ಲಿ ಭಾನುವಾರ ಇರುವುದಿಲ್ಲ. ಮಿಕ್ಸಿಯ ಹೆಸರನ್ನು ಯಾವ ನಿಯಮದಲ್ಲೂ ನಾನು ಕಂಡಿಲ್ಲ. ಆದರೆ ಊರಿಂದ ತಂದ ನಮ್ಮ ಮಿಕ್ಸಿ ಶುರುವಾದರೆ ಶೆಲ್ಫಿನ ಲೋಟಗಳೆಲ್ಲ ಕುಣಿಯುತ್ತವೆ, ಕೆಳಗಿನ ಮನೆಯಲ್ಲಿ ವಯಸ್ಸಾದವರಿದ್ದಾರೆ. ಹಾಗಾಗಿ ಶನಿವಾರವೇ ಚಟ್ನಿ ರುಬ್ಬಿ ಫ್ರಿಜ್ಜಿಗೆ. ಭಾನುವಾರ ಒಗ್ಗರಣೆ ಮಾತ್ರ. ಸಾಸಿವೆ ಸಿಡಿಯುವುದಕ್ಕೆ ಇನ್ನೂ ಯಾರೂ ತಕರಾರು ಮಾಡಿಲ್ಲ.

ಇಷ್ಟೆಲ್ಲ ಬಿಗಿ ಇರುವ ಊರಿನಲ್ಲೇ ಬುತ್ತಿ ಕಟ್ಟಿಕೊಂಡು ಹೋಗಿ ಬೇರೆಯವರ ಹೋಟೆಲಿನಲ್ಲಿ ಕೂತು ಉಣ್ಣಬಹುದು ಅಂದರೆ ನಂಬುತ್ತೀರಾ? ಬಿಯರ್ ಗಾರ್ಡನ್‌ಗಳಲ್ಲಿ ಅದಕ್ಕೆ ಹಕ್ಕೇ ಇದೆ. ಹಿಂದೆ ಬೆಂಕಿಯ ಭಯಕ್ಕೆ ಬೇಸಿಗೆಯಲ್ಲಿ ಬಿಯರ್ ಕಾಯಿಸುವಂತಿರಲಿಲ್ಲ. ಚಳಿಗಾಲದಲ್ಲಿ ಮಾಡಿದ್ದನ್ನು ನೆಲಮಾಳಿಗೆಯಲ್ಲಿಟ್ಟು, ತಂಪಾಗಿರಲಿ ಅಂತ ಮೇಲೆ ಚೆಸ್ಟ್‌ನಟ್ ಮರ ಬೆಳೆಸಿದರು. ಜನ ಆ ನೆರಳಿಗೇ ಬಂದು ಕುಡಿಯತೊಡಗಿದಾಗ ಊರೊಳಗಿನ ಹೋಟೆಲಿನವರಿಗೆ ಹೊಟ್ಟೆ ಉರಿಯಿತು. 1812ರಲ್ಲಿ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ರಾಜಿ ಮಾಡಿಸಿ ಬಿಯರ್ ಮಾಡುವವರಿಗೆ ಹೇಳಿದ: ಬಿಯರ್ ಮಾರಿಕೊಳ್ಳಿ, ಬ್ರೆಡ್ಡು ಬಿಟ್ಟು ತಿನ್ನಲು ಬೇರೇನೂ ಕೊಡಬೇಡಿ. ಜನ ಮನೆಯಿಂದಲೇ ಡಬ್ಬಿ ತಂದರು. ಈಗ ಊಟವೂ ಅಲ್ಲೇ ಸಿಗುತ್ತದೆ, ಡಬ್ಬಿಯೂ ತರಬಹುದು. ಮೇಜಿಗೆ ಬಟ್ಟೆ ಹಾಸಿರುವ ಕಡೆ ಮಾತ್ರ ಕೂರಬಾರದು, ಅದು ಸಪ್ಲೈಯರ್ ಬಂದು ಆರ್ಡರ್ ತೆಗೆದುಕೊಳ್ಳುವ ಜಾಗ.

ಇಲ್ಲಿನ ಹಿರ್ಷ್‌ಗಾರ್ಟನ್ ಎಂಬ ಬಿಯರ್ ಗಾರ್ಡನ್‌ನಲ್ಲಿ ಸುಮಾರು 8000 ಜನ ಕೂರಬಹುದು. ಉದ್ದನೆಯ ಬೆಂಚು, ಗುರುತಿಲ್ಲದವರ ಪಕ್ಕ "ಜಾಗ ಇದೆಯಾ?" ಅಂತ ಕೇಳಿ ಕೂತರಾಯಿತು. ನಾವು ಚಿತ್ರಾನ್ನ, ಕೋಸಂಬರಿ ಬಿಚ್ಚುತ್ತೇವೆ. ಎದುರಿನವರು ಬಿಳಿ ಮೂಲಂಗಿಯನ್ನು ಸುರುಳಿ ಸುರುಳಿಯಾಗಿ ಹೆಚ್ಚಿ, ಉಪ್ಪು ಸವರಿ, ಅದು ನೀರು ಬಿಡುವವರೆಗೆ ಕಾಯುತ್ತಿರುತ್ತಾರೆ. ಒಂದು ಚೂರು ನಿಂಬೆಹಣ್ಣು, ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಅನ್ನಿಸುತ್ತದೆ. ಹೇಳಲು ಹೋಗಿಲ್ಲ.

ಈ ಬೇಸಿಗೆಗೆ ಇತ್ತ ಬರುವವರು ಭಾನುವಾರ ಇಳಿದರೆ ಗಾಬರಿಯಾಗಬೇಡಿ. ಏರ್‌ಪೋರ್ಟಿನಲ್ಲೂ ಮುಖ್ಯ ರೈಲ್ವೆ ಸ್ಟೇಷನ್ನಿನಲ್ಲೂ ಅಂಗಡಿ ತೆರೆದಿರುತ್ತವೆ, ಬೇಕರಿಗಳೂ ಕೆಲವು ಗಂಟೆ. ಹಾಲು, ಮೊಸರು, ಬ್ರೆಡ್ಡಿಗೆ ತೊಂದರೆಯಿಲ್ಲ. ಕರಿಬೇವು ಬೇಕಾದರೆ ಸೋಮವಾರ ನೋಡೋಣ.