ಎಫೆಸಸ್‌ನಲ್ಲಿ ಬಸ್ಸು ಇಳಿಸಿದ ಜಾಗದಲ್ಲಿ ಕಾಯುವುದಿಲ್ಲ

ಈ ಸೀಸನ್‌ನಲ್ಲಿ ಮೊದಲ ಸಲ ಟರ್ಕಿ ಗ್ರೂಪು ಹಿಡಿದು ಹೊರಡುವ ಟೂರ್ ಮ್ಯಾನೇಜರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಐಟಿನರಿಯಲ್ಲಿ "ಎಫೆಸಸ್, 2 ಗಂಟೆ" ಎಂದಷ್ಟೇ ಇರುತ್ತದೆ. ಆ ಎರಡು ಗಂಟೆಯಲ್ಲಿ ಏನೇನು ತಪ್ಪಬಹುದು ಎನ್ನುವುದನ್ನು ಆಫೀಸಿನಲ್ಲಿ ಯಾರೂ ಹೇಳುವುದಿಲ್ಲ.

ಎಫೆಸಸ್ ಗ್ರೀಕರು ಕಟ್ಟಿದ ಪುರಾತನ ಊರು, ಈಗ ಉಳಿದಿರುವುದು ಅವಶೇಷ, ಈಗಿನ ಸೆಲ್ಚುಕ್ ಪಟ್ಟಣದ ಪಕ್ಕದಲ್ಲಿದೆ. ಅದಕ್ಕೆ ಎರಡು ಗೇಟು. ಕೋಚ್ ನಮ್ಮನ್ನು ಮೇಲಿನ ಗೇಟಿನಲ್ಲಿ ಇಳಿಸಿ, ಬಳಸು ದಾರಿಯಲ್ಲಿ ಕೆಳಗಿನ ಗೇಟಿನ ಪಾರ್ಕಿಂಗಿಗೆ ಹೋಗಿ ನಿಲ್ಲುತ್ತದೆ. ನಾವು ಇಳಿಜಾರಿನಲ್ಲಿ ನೋಡುತ್ತಾ ನಡೆದು ಅಲ್ಲಿಗೆ ಸೇರಬೇಕು. ಹೆಚ್ಚಿನ ಗ್ರೂಪುಗಳು ಹೀಗೆಯೇ ಮಾಡುತ್ತವೆ. ಒಮ್ಮೆ ಒಳಗೆ ಕಾಲಿಟ್ಟ ಮೇಲೆ ಹಿಂದಿರುಗಿದರೆ ಅಲ್ಲಿ ಬಸ್ಸೂ ಇಲ್ಲ, ನಮ್ಮವರೂ ಇಲ್ಲ.

ಒಮ್ಮೆ ನನ್ನ ಗ್ರೂಪಿನಲ್ಲಿ 36 ಪ್ಯಾಕ್ಸ್, ಅಂದರೆ ಪ್ರವಾಸಿಗರು. ಒಳಗೆ ಹೋಗಿ ಹತ್ತು ನಿಮಿಷ ಆಗಿತ್ತಷ್ಟೇ, ಓಡಿಯಾನ್ ಎಂಬ ಚಿಕ್ಕ ರಂಗಮಂದಿರದ ಹತ್ತಿರ ನಿವೃತ್ತ ಮೇಷ್ಟ್ರೊಬ್ಬರ ಮಡದಿ ಮಂಡಿ ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟರು. "ನಂಗಾಗಲ್ಲಪ್ಪ, ನೀವು ನೋಡ್ಕೊಂಡು ಬನ್ನಿ" ಅಂದರು. "ಗೇಟು ಇಲ್ಲೇ ಇದೆಯಮ್ಮ, ಸರ್ ಜೊತೆ ಹೋಗಿ ಬಸ್ಸಲ್ಲಿ ಕೂತಿರಿ" ಅಂದೆ. ಗ್ರೂಪು ಮುಂದೆ ಸಾಗುತ್ತಿತ್ತು, ಬಾಯಿಗೆ ಬಂದದ್ದು ಅಷ್ಟೇ. ಬಸ್ಸು ಹೊರಟುಹೋಗಿದೆ ಎಂಬ ಯೋಚನೆಯೇ ತಲೆಗೆ ಬರಲಿಲ್ಲ.

ಊರ ನಡುವೆ ಇಳಿದು ಹೋಗುವ ಕ್ಯುರೆಟೀಸ್ ಬೀದಿಯ ಮೇಲ್ತುದಿಯಲ್ಲಿ ಹರ್ಕ್ಯುಲಿಸ್ ಗೇಟಿದೆ. ಎರಡು ಕೆತ್ತನೆಯ ಕಂಬಗಳ ನಡುವೆ ಕಿರಿದಾದ ದಾರಿ, ಜನ ತಾವಾಗಿಯೇ ಸಾಲಾಗಿ ದಾಟುತ್ತಾರೆ. ಹೆಡ್‌ಕೌಂಟಿಗೆ ಇಡೀ ಸೈಟಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 34 ಎಣಿಸಿ ಮುಗಿಸುವಷ್ಟರಲ್ಲಿ ಡ್ರೈವರ್ ಫೋನು: ಕೆಳಗಿನ ಪಾರ್ಕಿಂಗ್ ತಲುಪಿದ್ದೇನೆ. ಎದೆ ಧಸಕ್ಕೆಂದಿತು. ಮೇಷ್ಟ್ರ ಫೋನಿನಲ್ಲಿ ರೋಮಿಂಗ್ ಇರಲಿಲ್ಲ, ಹೋಟೆಲಿನ ವೈಫೈ ನೆಚ್ಚಿಕೊಂಡವರು. ಗೈಡ್ ಮಾತು ಕೇಳಿಸುವ ವಿಸ್ಪರ್ ಸೆಟ್ ಕಿವಿಯಲ್ಲೇ ಇದ್ದರೂ ಅಷ್ಟು ದೂರಕ್ಕೆ ಸಿಗ್ನಲ್ ಹೋಗುವುದಿಲ್ಲ. ಅಲ್ಲಿ ವಿವರಣೆ ಕೊಡಲು ಪರವಾನಗಿ ಇರುವುದು ಲೋಕಲ್ ಗೈಡಿಗೆ ಮಾತ್ರ, ಅವರು ಗ್ರೂಪು ಬಿಟ್ಟು ಬರುವಂತಿಲ್ಲ. ಬಾವುಟ ಅವರ ಕೈಗೆ ಕೊಟ್ಟು ಏರು ಹತ್ತಿದೆ. ಎದುರಿಗೆ ಇಳಿದು ಬರುವ ಕ್ರೂಸ್ ಗ್ರೂಪುಗಳು, ಒಂದೊಂದರಲ್ಲೂ ನಲವತ್ತು ಜನ, ನುಗ್ಗಿ ದಾಟಲು ಜಾಗವಿಲ್ಲ. ಗೇಟಿನ ಹೊರಗೆ ಸಾಲಾಗಿ ಬಿಳಿ ಬಸ್ಸುಗಳು. ಇಬ್ಬರೂ ನಮ್ಮ ಬಸ್ಸು ಯಾವುದೆಂದು ಒಂದೊಂದನ್ನೇ ಇಣುಕಿ ನೋಡಿ ಸೋತು, ಕೊನೆಗೆ ಒಂದು ಅಂಗಡಿಯ ನೆರಳಿನಲ್ಲಿ ಕೂತಿದ್ದರು. ಅಂಗಡಿಯವನೇ ಕುರ್ಚಿ ಹಾಕಿ ನೀರು ಕೊಟ್ಟಿದ್ದ. ಸಿಗುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಕಳೆದಿತ್ತು.

ಬಸ್ಸಿನ ವಿಷಯ ಮರೆತದ್ದು ಒಂದು ತಪ್ಪು. ಇಳಿಜಾರಾದರೆ ವಯಸ್ಸಾದವರಿಗೆ ಸಲೀಸು ಅಂದುಕೊಂಡದ್ದು ಅದಕ್ಕಿಂತ ದೊಡ್ಡದು. ಮಂಡಿ ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು. ಮೇಲಾಗಿ ಕ್ಯುರೆಟೀಸ್ ಬೀದಿಯ ಅಮೃತಶಿಲೆ ಶತಮಾನಗಳ ಕಾಲ್ತುಳಿತಕ್ಕೆ ಸವೆದು ನುಣುಪಾಗಿದೆ. ಸೀರೆಯ ನೆರಿಗೆ ಒಂದು ಕೈಲಿ ಹಿಡಿದು, ತಳ ಸವೆದ ಚಪ್ಪಲಿಯಲ್ಲಿ ಇಳಿಯುವವರನ್ನು ನೋಡಿ: ಹೆಬ್ಬೆರಳು ಮಡಚಿ ಕಲ್ಲನ್ನು ಕಚ್ಚಿ ಹಿಡಿದಿರುತ್ತಾರೆ. ಇಳಿಜಾರಿನ ನಡುವೆ, ಕೆಳಗೆ ಸೆಲ್ಸಸ್ ಗ್ರಂಥಾಲಯ ಕಾಣುವ ಕಡೆ ಮುಂದಿನವರು ಫೋಟೋಗೆ ಥಟ್ಟನೆ ನಿಲ್ಲುತ್ತಾರೆ, ಹಿಂದಿನವರು ಬಂದು ಗುದ್ದುತ್ತಾರೆ. ಜಾರಿ ಬೀಳುವುದು ಹೆಚ್ಚಾಗಿ ಇಲ್ಲೇ.

ಈಗ ಹಿಂದಿನ ರಾತ್ರಿ ಊಟದ ಹೊತ್ತಿಗೇ ಒಂದು ಪ್ರಶ್ನೆ ಕೇಳುತ್ತೇನೆ: ಮನೆಯಲ್ಲಿ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತೀರಾ? "ನಡೀತೀರಾ" ಅಂತ ಕೇಳಿದರೆ ಪ್ರತಿಯೊಬ್ಬರೂ ಹೂಂ ಅನ್ನುತ್ತಾರೆ. ಕಂಬಿ ಹಿಡಿಯುವವರನ್ನು ಮೇಲಿನ ಗೇಟಿನಲ್ಲಿ ಇಳಿಸುವುದೇ ಇಲ್ಲ, ಅದೇ ಕೋಚಿನಲ್ಲಿ ಕೆಳಗಿನ ಗೇಟಿಗೆ ಕರೆದೊಯ್ಯುತ್ತೇನೆ. ಅಲ್ಲಿಂದ ಮಹಾ ರಂಗಮಂದಿರದ ಮುಂದೆ ಹಾದು ಮಾರ್ಬಲ್ ಬೀದಿ ಹಿಡಿದರೆ ಗ್ರಂಥಾಲಯದವರೆಗೆ ಹೆಚ್ಚು ಕಡಿಮೆ ಸಮತಟ್ಟು. ಸುಮಾರು 25 ಸಾವಿರ ಜನ ಕೂರುತ್ತಿದ್ದ ರಂಗಮಂದಿರ ಒಂದು ತುದಿ, ಗ್ರಂಥಾಲಯ ಇನ್ನೊಂದು ತುದಿ. ನೋಡಲೇಬೇಕಾದ ಎರಡೂ ಅವರಿಗೆ ದಕ್ಕುತ್ತವೆ. ಗೈಡ್ ಉಳಿದವರನ್ನು ಮೇಲಿನಿಂದ ಇಳಿಸಿಕೊಂಡು ಬರುತ್ತಾರೆ, ಗ್ರಂಥಾಲಯದ ಮುಂದೆ ಎರಡೂ ಗುಂಪು ಸೇರುತ್ತವೆ. ಅಲ್ಲಿಯವರೆಗೆ ಕೆಳಗಿನ ಗುಂಪಿಗೆ ವಿವರಣೆ ಇರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ. ಶ್ರೀಮಂತರ ಹಳೆಯ ಮನೆಗಳಾದ ಟೆರೇಸ್ ಹೌಸ್‌ಗೂ ಇವರನ್ನು ಒಯ್ಯಬೇಡಿ, ಒಳಗೆಲ್ಲಾ ಮೆಟ್ಟಿಲು.

ಗೇಟುಗಳ ಹತ್ತಿರ ಬಿಟ್ಟರೆ ನಡುದಾರಿಯಲ್ಲಿ ಟಾಯ್ಲೆಟ್ ಸಿಗುವುದಿಲ್ಲ. ಜನ ಕ್ಯಾಮೆರಾ ಹಿಡಿದು ನಿಲ್ಲುವ ರೋಮನ್ ಕಾಲದ ಕಲ್ಲಿನ ಶೌಚಾಲಯ ನೋಡುವುದಕ್ಕಷ್ಟೇ. ಆದ್ದರಿಂದ ಟಿಕೆಟ್ ಸ್ಕ್ಯಾನ್ ಮಾಡುವ ಮುಂಚೆಯೇ ಎಲ್ಲರನ್ನೂ ಕಳಿಸಿ. ಟಿಕೆಟ್ ಒಂದೇ ಪ್ರವೇಶಕ್ಕೆ. ಹೊರಗೆ ಹೋದರೆ ಹೊಸದು ಕೊಳ್ಳಬೇಕು. ಆ ದಿನ ಮೇಷ್ಟ್ರು ದಂಪತಿಗೆ ಹಾಗೇ ಎರಡು ಕೊಂಡೆ, ಆಫೀಸು ಬಿಲ್ ಪಾಸ್ ಮಾಡಲಿಲ್ಲ. ಅದು ಈಗಲೂ ಬೇಸರವೇ. ನೆರಳಿಗೆ ಮರ ಕಡಿಮೆ, ಹತ್ತು ಗಂಟೆ ದಾಟಿದರೆ ಬಿಳಿ ಕಲ್ಲು ಬಿಸಿಲನ್ನು ಮುಖಕ್ಕೆ ಎರಚುತ್ತದೆ. ಎರಡು ಗಂಟೆ ಸಾಲುವುದಿಲ್ಲ, ಮೂರು ಬೇಕು ಎಂದು ಪ್ರತಿ ಟೂರ್ ರಿಪೋರ್ಟಿನಲ್ಲೂ ಬರೆಯುತ್ತೇನೆ. ಲೆದರ್ ಶೋರೂಮಿಗೆ ಕೊಡುವ ಒಂದು ಗಂಟೆಯನ್ನು ಇಲ್ಲಿಗೆ ಕೊಟ್ಟರೆ ಸಾಕು.

ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ಗೇಟಿನಲ್ಲಿರಿ. ಕುಶಾದಸಿ ಬಂದರಿನ ಕ್ರೂಸ್ ಬಸ್ಸುಗಳು ತುಂಬುವ ಮುಂಚೆ ಒಂದು ಗಂಟೆ ಸಿಗುತ್ತದೆ. ಗ್ರಂಥಾಲಯದ ಮುಖ ಪೂರ್ವಕ್ಕಿದೆ. 1970ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ ಆ ಎರಡಂತಸ್ತಿನ ಕಂಬಗಳ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ, ಮಧ್ಯಾಹ್ನ ಹೊರಳಿದರೆ ನೆರಳು. ಆ ದಿನ ಮೇಷ್ಟ್ರ ಮಡದಿಯನ್ನು ಅಲ್ಲಿಗೆ ಕರೆತರುವಾಗ ಹನ್ನೊಂದಾಗಿತ್ತು. ಗ್ರೂಪು ಫೋಟೋ ಆಗಲೇ ಮುಗಿದಿತ್ತು. ಇನ್ನೊಮ್ಮೆ ಎಲ್ಲರನ್ನೂ ಸೇರಿಸಿ ತೆಗೆದೆವು.