ಲಾರಿ ಆಟದ ಸದ್ದು ಹರಿದದ್ದು ಎಲ್ಲಿ?

ಶಿರಸಿ, 13 ಜುಲೈ 2025, ಭಾನುವಾರ

ಕಂಪ್ಯೂಟರಿನಲ್ಲಿ ಆಟ ತಡವರಿಸಿತು ಅಂದರೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಮೇಲೆ ಗೂಬೆ ಕೂರಿಸುವುದು ವಾಡಿಕೆ. ಅಣ್ಣನ ಮಗನ ಕಂಪ್ಯೂಟರಿಗೂ ಅದೇ ತೀರ್ಪು ಬಂದಿತ್ತು. ಪೇಟೆಯ ಅಂಗಡಿಯವರು ಪೆಟ್ಟಿಗೆ ಬಿಚ್ಚಿ ನೋಡುವ ಗೋಜಿಗೂ ಹೋಗಿಲ್ಲ. "ಕಾರ್ಡು ಹೊಸದು ಹಾಕಿದ್ರೆ ಸರಿ ಆಗ್ತಡ" ಎಂದು ಅಣ್ಣ ಮೊನ್ನೆ ಊಟಕ್ಕೆ ಕೂತಾಗ ಹೇಳಿ, ದರವನ್ನೂ ಹೇಳಿದ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಮದ್ದು ಹೊಡೆಯಲು ಮಳೆ ಬಿಡುವು ಕೊಡುತ್ತಿಲ್ಲ, ತಂದ ಮೈಲುತುತ್ತ ಚೀಲದಲ್ಲೇ ಕೂತಿದೆ. ಈ ಹೊತ್ತಿನಲ್ಲಿ ಆ ದರ ಕೇಳಿ ಯಾರೂ ಮುಂದೆ ಮಾತಾಡಲಿಲ್ಲ.

ಇವತ್ತೂ ಮಳೆ ಅಂಗಳಕ್ಕೆ ಕಾಲಿಡಲು ಬಿಡಲಿಲ್ಲ. ತಿಂಡಿ ಮುಗಿಸಿ, ಕಂಪ್ಯೂಟರ್ ಇರುವ ಮೆತ್ತಿ (ಮಹಡಿ) ಹತ್ತಿದೆ.

ಅವನು ಆಡುವುದು ಲಾರಿ ಓಡಿಸುವ ಆಟ. ಸ್ವಲ್ಪ ದೂರ ಚೆನ್ನಾಗಿ ಓಡುತ್ತದೆ, ಆಮೇಲೆ ಚಿತ್ರ ಗಕ್ಕನೆ ನಿಂತು ಮುಂದಕ್ಕೆ ಹಾರುತ್ತದೆ. ಅದೇ ಕ್ಷಣಕ್ಕೆ ಎಂಜಿನ್ನಿನ ಸದ್ದು 'ಟ್ರ್‌ರ್‌ರ್' ಎಂದು ಹರಿದು ಮತ್ತೆ ಕೂಡಿಕೊಳ್ಳುತ್ತದೆ. "ಚಿಕ್ಕಪ್ಪಾ, ಈಗ ಬಂತು, ಕೇಳು!" ಎಂದು ಅವನು ಪ್ರತಿ ಸಲ ಕೂಗುತ್ತಿದ್ದ. ಕೂಗದಿದ್ದರೂ ಕೇಳುವಷ್ಟು ಜೋರಾಗಿಯೇ ಇತ್ತು. ಆದರೆ ಪರದೆಯ ಮೂಲೆಯಲ್ಲಿ, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂದು ತೋರಿಸುವ ಎಫ್‌ಪಿಎಸ್ ಮಾತ್ರ 57, 59, 60 ಎಂದು ಸಭ್ಯವಾಗಿ ಕೂತಿತ್ತು.

ಈ ಎಫ್‌ಪಿಎಸ್ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಸರಾಸರಿ. ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್, ಅಂದರೆ ಒಂದೊಂದು ಚಿತ್ರ) ಬರಬೇಕಾದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡು ಸಿಗುತ್ತದೆ. ಯಾವುದೋ ಒಂದು ಚೌಕಟ್ಟು 100 ಮಿಲಿಸೆಕೆಂಡು ತಿಂದರೂ ಉಳಿದವು ಸರಿಯಾಗಿದ್ದರೆ ಸರಾಸರಿ 55ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಕಣ್ಣಿಗೆ ಮಾತ್ರ ಆ ಒಂದು ಹೊಡೆತ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ರಿವಾಟ್ಯೂನರ್ ಎಂಬ ತಂತ್ರಾಂಶ ಹಾಕಿ, ಒಂದೊಂದು ಚೌಕಟ್ಟು ತಿನ್ನುವ ಹೊತ್ತನ್ನು ತೋರಿಸುವ ಫ್ರೇಮ್ ಟೈಮಿನ ಗೆರೆಯನ್ನು ಪರದೆ ಮೇಲೆ ತಂದೆ. ಚಪ್ಪಟೆ ಗೆರೆ, ನಡುನಡುವೆ ಮೊಳೆ ಹೊಡೆದಂತೆ ಎದ್ದ ಚೂಪು. ಒಂದೊಂದು ಚೂಪಿನ ಜೊತೆಗೂ ಆ 'ಟ್ರ್‌ರ್‌ರ್'.

ಕಾರ್ಡನ್ನು ಆರೋಪದಿಂದ ಬಿಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ, ನೆರಳು, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬ ಎಲ್ಲವನ್ನೂ ಕನಿಷ್ಠಕ್ಕೆ ತಂದೆವು. ಆಟ ನೋಡಲು ಅಸಹ್ಯವಾಯಿತು, ಚೂಪುಗಳು ಮಾತ್ರ ಇದ್ದಲ್ಲೇ ಇದ್ದವು. ಕಾರ್ಡು ಸುಸ್ತಾಗಿದ್ದರೆ ಭಾರ ಇಳಿಸಿದಾಗ ಸ್ವಲ್ಪವಾದರೂ ಚೇತರಿಸಿಕೊಳ್ಳಬೇಕಿತ್ತಲ್ಲ. ಪ್ರೊಸೆಸರಿನ ಶಾಖವೂ 70 ಡಿಗ್ರಿ ದಾಟಲಿಲ್ಲ. ಈ ಥಂಡಿಯಲ್ಲಿ ದಾಟಿದ್ದರೆ ಆಶ್ಚರ್ಯ. ಬ್ಲೂಟೂತ್ ಹೆಡ್‌ಫೋನ್ ತೆಗೆದು ವಾಯರಿನದ್ದು ಹಾಕಿದರೂ ಅದೇ ಕಥೆ.

ನನಗೆ ದಾರಿ ತೋರಿಸಿದ್ದು ಸದ್ದು. ಚಿತ್ರ ಬಿಡಿಸುವುದಕ್ಕೆ ಹೋಲಿಸಿದರೆ ಸದ್ದು ಹೊರಡಿಸುವುದು ಕಂಪ್ಯೂಟರಿಗೆ ಕೆಲಸವೇ ಅಲ್ಲ. ಆದರೆ ಆ ಚೂರು ಕೆಲಸ ಹೊತ್ತಿಗೆ ಸರಿಯಾಗಿ ಆಗಬೇಕು. ಧ್ವನಿಯ ಬಫರ್ ಎಂದರೆ ಅಡಿ ತೂತಾದ ತಂಬಿಗೆ ಇದ್ದ ಹಾಗೆ. ಸ್ಪೀಕರಿನ ಕಡೆಗೆ ಅದು ಒಂದೇ ಸಮ ಸೋರುತ್ತಿರುತ್ತದೆ, ಬರಿದಾಗುವ ಮೊದಲು ಪ್ರೊಸೆಸರು ಬಂದು ಮತ್ತೆ ಸುರಿಯಬೇಕು. ವಿಂಡೋಸ್ ಸಾಮಾನ್ಯವಾಗಿ 10 ಮಿಲಿಸೆಕೆಂಡಿಗೊಮ್ಮೆ ಸುರಿಯುತ್ತದೆ. ಸೆಕೆಂಡಿಗೆ ಸದ್ದಿನ 48,000 ಚೂರು (ಸ್ಯಾಂಪಲ್) ಲೆಕ್ಕ ಹಿಡಿದರೆ ಒಂದು ಸಲಕ್ಕೆ 480. ಬರುವುದು ತಡವಾದರೆ ಸದ್ದು ಹರಿಯಿತು. ಬರೀ ಕಾರ್ಡು ಬಡವಾಗಿದ್ದರೆ ಚಿತ್ರ ಕುಂಟುತ್ತದೆ, ಸದ್ದು ಸಾಮಾನ್ಯವಾಗಿ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಎರಡೂ ಒಟ್ಟಿಗೆ ಮುರಿದರೆ ಯಾರೋ ಪ್ರೊಸೆಸರನ್ನೇ ಅಡ್ಡಗಟ್ಟಿ ನಿಲ್ಲಿಸಿಕೊಂಡಿದ್ದಾರೆ ಎಂದೇ ನಾನು ಮೊದಲು ಅನುಮಾನಿಸುವುದು.

ಹಾಗೆ ನಿಲ್ಲಿಸಿಕೊಳ್ಳುವ ಅಧಿಕಾರ ಇರುವುದು ಡ್ರೈವರುಗಳಿಗೆ, ಲಾರಿಯವರಲ್ಲ, ಕಂಪ್ಯೂಟರಿನ ಯಂತ್ರಭಾಗಗಳನ್ನು ನಡೆಸುವ ತಂತ್ರಾಂಶಗಳಿಗೆ. ಕೀಬೋರ್ಡು, ಡಿಸ್ಕು, ನೆಟ್‌ವರ್ಕು, ಯಾವುದೇ ಯಂತ್ರಭಾಗ ಕರೆದಾಗ ಪ್ರೊಸೆಸರು ಕೈಲಿದ್ದ ಕೆಲಸ ಬಿಟ್ಟು ಓಗೊಡುತ್ತದೆ. ತುರ್ತಿನದ್ದನ್ನು ಆಗಲೇ ಮುಗಿಸಿ, ಉಳಿದದ್ದನ್ನು ಡಿಪಿಸಿ, ಅಂದರೆ ಮುಂದೂಡಿದ ಕೆಲಸ, ಎಂದು ಸಾಲಿಗೆ ಹಾಕಿ ಬೇಗ ತೀರಿಸುವುದು ವಿಂಡೋಸಿನ ಪದ್ಧತಿ. ಆ ಡಿಪಿಸಿ ಓಡುತ್ತಿರುವಷ್ಟು ಹೊತ್ತು ಪ್ರೊಸೆಸರಿನ ಅದೇ ಕೋರಿನ (ಕೆಲಸ ಮಾಡುವ ಘಟಕದ) ಮೇಲೆ ಆಟಕ್ಕೂ ಜಾಗವಿಲ್ಲ, ಧ್ವನಿಗೂ ಇಲ್ಲ, ಅವಕ್ಕೆ ಎಷ್ಟೇ ಆದ್ಯತೆ ಕೊಟ್ಟಿದ್ದರೂ ಕಾಯಲೇಬೇಕು. ಒಂದು ಡಿಪಿಸಿ 100 ಮೈಕ್ರೋಸೆಕೆಂಡು ಮೀರಬಾರದು ಎಂದು ಮೈಕ್ರೋಸಾಫ್ಟ್ ಡ್ರೈವರ್ ಬರೆಯುವವರಿಗೆ ಹೇಳುತ್ತದೆ. ಎಲ್ಲರೂ ಕೇಳಬೇಕಲ್ಲ.

ಯಾವ ಡ್ರೈವರ್ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುವ ಲೇಟೆನ್ಸಿಮಾನ್ ಎಂಬ ತಂತ್ರಾಂಶವನ್ನು ಹಿಂದೆ ಓಡಲು ಬಿಟ್ಟು ಹುಡುಗನಿಗೆ ಲಾರಿ ಹತ್ತು ಎಂದೆ. ಅದನ್ನು ಖಾಲಿ ಡೆಸ್ಕ್‌ಟಾಪಿನಲ್ಲಿ ನೋಡಿ ಪ್ರಯೋಜನವಿಲ್ಲ, ರೋಗ ಬಂದ ಹೊತ್ತಿನಲ್ಲೇ ಅಳೆಯಬೇಕು. ಸ್ವಲ್ಪ ಹೊತ್ತಿಗೆ ಪಟ್ಟಿ ಕೆಂಪಾಯಿತು. ಡ್ರೈವರುಗಳನ್ನು ಹೆಚ್ಚು ಹೊತ್ತು ತಿಂದವರ ಕ್ರಮದಲ್ಲಿ ಜೋಡಿಸಿದರೆ ಎಲ್ಲಕ್ಕಿಂತ ಮೇಲೆ ಎನ್‌ಡಿಐಎಸ್ ಕಡತ, ಕೆಲವು ಸಲ ಎಂಟು ಮಿಲಿಸೆಕೆಂಡಿನ ತನಕ. ಅದು ವಿಂಡೋಸಿನದೇ ನೆಟ್‌ವರ್ಕ್ ಪದರ, ಅದರ ಹೆಸರಿಗೆ ಬಂದ ದೂರು ಎಷ್ಟೋ ಸಲ ಕೆಳಗಿರುವ ವೈಫೈ ಡ್ರೈವರಿನದ್ದಾಗಿರುತ್ತದೆ. ಪೆಟ್ಟಿಗೆಯ ಹಿಂದೆ ಕೈ ಹಾಕಿ ವೈಫೈ ಡಾಂಗಲ್ ಕಿತ್ತೆ. ಉಗುರಿನಷ್ಟು ದೊಡ್ಡ ತುಂಡು, ಕೈಗೆ ಸುಡುವಷ್ಟು ಬಿಸಿ. ಲಾರಿ ಆಮೇಲೆ ಊರು ದಾಟಿತು, ಸೇತುವೆ ದಾಟಿತು, ಗೆರೆ ಅಲುಗಲಿಲ್ಲ. ಹುಡುಗ ನನ್ನ ಮುಖ ನೋಡಿದ. ಅಂಗಡಿಯವರು ಹೇಳಿದ ದರ ಅವನಿಗೂ ಬಾಯಿಪಾಠವಾಗಿತ್ತು.

ಯೋಚಿಸಿದರೆ ಡಾಂಗಲ್ಲಿನದ್ದೂ ತಪ್ಪು ಅನ್ನಲಾರೆ. ರೂಟರ್ ಇರುವುದು ಜಗಲಿಯ ಮೂಲೆಯಲ್ಲಿ, ನಡುವೆ ಒಂದೂವರೆ ಅಡಿ ದಪ್ಪದ ಚಿರೆಕಲ್ಲಿನ ಗೋಡೆಗಳು, ಮಳೆಗಾಲದಲ್ಲಿ ಅವು ನೀರು ಕುಡಿದು ಕೂತಿರುತ್ತವೆ. ಸಿಗ್ನಲ್ ಒಂದು ಕಡ್ಡಿ. ಸಾಲದ್ದಕ್ಕೆ ಅದನ್ನು ಚುಚ್ಚಿದ್ದು ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಗೆ, ಪಕ್ಕದ ಕಿಂಡಿಯಲ್ಲಿ ಹೊರಗಿನ ಹಾರ್ಡ್ ಡಿಸ್ಕು. ಯುಎಸ್‌ಬಿ 3.0 ಹೊರಡಿಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸಾಧನಗಳಿಗೆ ಕಾಟ ಕೊಡುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದಿತ್ತು. ಡಾಂಗಲ್ಲನ್ನು ಮುಂದಿನ ಹಳೇ ಕಿಂಡಿಗೆ ಬದಲಾಯಿಸಿ, ಡ್ರೈವರನ್ನೂ ಹೊಸದು ಹಾಕಿದೆ. ಚೂಪುಗಳು ಕಡಿಮೆಯಾದವು, ಹೋಗಲಿಲ್ಲ.

ಕೊನೆಗೆ ಲ್ಯಾನ್ ಕೇಬಲ್ಲೇ ಗತಿ. ನನ್ನ ಕೋಣೆಯಲ್ಲಿ ಸುರುಳಿ ಬಿದ್ದಿದ್ದ ಕ್ಯಾಟ್-6 ಜಾತಿಯ ಕೇಬಲ್ ಇತ್ತು. ಅದು 100 ಮೀಟರಿನ ತನಕ ತೊಂದರೆಯಿಲ್ಲದೆ ಎಳೆಯುತ್ತದೆ, ನಮ್ಮ ಮನೆ ಎಷ್ಟು ಉದ್ದವಿದ್ದರೂ ಅಷ್ಟಿಲ್ಲ. ಹಳೇ ಡಿಶ್ ವಾಯರಿಗೆ ಕೊರೆದ ತೂತಿನಲ್ಲೇ ಇದನ್ನೂ ತೂರಿಸಿದೆವು. ಡಿಶ್ ವಾಯರನ್ನು ಎಳೆದು ನೋಡಿದರೆ ಇಲಿ ಅಲ್ಲಲ್ಲಿ ಸಿಪ್ಪೆ ಸುಲಿದು ತಾಮ್ರ ತೋರಿಸಿತ್ತು. ಆದ್ದರಿಂದ ಅಟ್ಟದ ಮೇಲೆ ಹಾದು ಹೋಗುವ ಭಾಗಕ್ಕೆ ತೋಟದ ಪೈಪಿನ ತುಂಡು ತೊಡಿಸಿದೆವು. ಅಣ್ಣ ಏಣಿ ಹಿಡಿದುಕೊಂಡ. ಆಯಿ "ಆಸ್ರಿಗೆ ಕುಡ್ಯಲೆ ಬನ್ನಿ" ಎಂದು ಕೆಳಗಿಂದ ಕರೆಯುತ್ತಲೇ ಇದ್ದಳು.

ಕೇಬಲ್ ಕಂಡು ಆಯಿಗೆ ಬೇರೆ ಚಿಂತೆ. "ಗುಡುಗು ಬಂದ್ರೆ ಯಾವ ವಾಯರು ತೆಗ್ಯವು, ತೋರ್ಸು." ಕೇಳಿದ್ದು ಸರಿಯೇ. ಜುಲೈನಲ್ಲಿ ಸಿಡಿಲು ಅಷ್ಟಿಲ್ಲ, ಆದರೆ ಮಳೆಗಾಲ ಮುಗಿಯುವಾಗ, ಮತ್ತೆ ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಅದಕ್ಕೆ ಕರುಣೆಯಿಲ್ಲ. ಹೊರಗಿಂದ ಬರುವ ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಲ್ಯಾನ್ ಕೇಬಲ್ ಹಾಗಲ್ಲ, ಒಳಗೆ ತಾಮ್ರ. ರೂಟರಿನ ಅಡಾಪ್ಟರಿಗೆ ಏಟು ಬಿದ್ದರೆ ಕೇಬಲ್ ಹಿಡಿದು ಅದು ಮೆತ್ತಿಗೂ ಬರಬಹುದು. ಎರಡೂ ತುದಿಗೆ ಕೆಂಪು ಟೇಪು ಸುತ್ತಿ, ಪ್ಲಗ್ಗಿನ ಜೊತೆಗೆ ಇದನ್ನೂ ಕೀಳಬೇಕು ಎಂದು ಕ್ಲಿಪ್ ಒತ್ತಿ ತೋರಿಸಿದೆ. ಆಯಿ ತಾನೇ ಒಮ್ಮೆ ಕಿತ್ತು, ಹಾಕಿ ನೋಡಿದಳು.

ಮಧ್ಯಾಹ್ನದ ಮೇಲೆ ಇನ್ನೊಂದು ತಕರಾರು ಮೇಲೆ ಬಂತು, ಇಷ್ಟು ದಿನ ಮೊದಲನೆಯದರ ಗಲಾಟೆಯಲ್ಲಿ ಅಡಗಿ ಕೂತಿದ್ದದ್ದು. ಲಾರಿ ಹೊಸ ಊರಿಗೆ ಹೊಕ್ಕಾಗ ಚಿತ್ರ ಒಂದು ಕ್ಷಣ ನಿಲ್ಲುತ್ತದೆ, ಎಂಜಿನ್ನಿನ ಸದ್ದು ಮಾತ್ರ ಹರಿಯದೆ ಮುಂದುವರಿಯುತ್ತದೆ. ಇದು ಬೇರೆ ರೋಗ. ಆಟ ಇದ್ದದ್ದು ಹಳೇ ಹಾರ್ಡ್ ಡಿಸ್ಕಿನ ಮೇಲೆ. ನಿಮಿಷಕ್ಕೆ 7,200 ಸುತ್ತಿನ ಡಿಸ್ಕು ಒಂದು ಸುತ್ತಿಗೆ 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ಮೇಲೆ ಅದರ ತಲೆ ಅತ್ತಿತ್ತ ಸರಿಯುವ ಹೊತ್ತು ಬೇರೆ. ಊರಿನ ಮನೆ, ಮರ, ಬೋರ್ಡು ಎಂದು ಚದುರಿದ ನೂರು ತುಣುಕು ಹೆಕ್ಕುವಷ್ಟರಲ್ಲಿ ಸೆಕೆಂಡು ಕಳೆದಿರುತ್ತದೆ. ವಿಂಡೋಸ್ ಇರುವ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯಲ್ಲಿ ಜಾಗ ಉಳಿದಿತ್ತು. ಆಟವನ್ನು, ಅದನ್ನು ಕೊಂಡ ಸ್ಟೀಮ್ ಎಂಬ ಆಟದಂಗಡಿಯ ತಂತ್ರಾಂಶದೊಳಗಿಂದಲೇ ಅಲ್ಲಿಗೆ ಸರಿಸಿದೆವು. ನಡುವೆ ಕರೆಂಟು ಹೋಗಿ ಯುಪಿಎಸ್ ಕೂಗಲು ಶುರುಮಾಡಿತು, ಅದು ಸಾಯುವ ಮೊದಲು ಮುಗಿಯಿತು.

ಈಗ ಉಳಿದಿರುವುದು ಮೊದಲ ಸಲ ಕಂಡ ದೃಶ್ಯಗಳಲ್ಲಿ ಬರುವ ಸಣ್ಣ ಎಳೆತ. ಅದು ಶೇಡರ್, ಅಂದರೆ ಬೆಳಕು-ಬಣ್ಣ ಬಿಡಿಸಲು ಕಾರ್ಡಿಗೆ ಕೊಡುವ ಸಣ್ಣ ಪ್ರೋಗ್ರಾಂ, ತಯಾರಾಗುವ ಹೊತ್ತು ಇರಬೇಕು, ಅದೇ ರಸ್ತೆಯಲ್ಲಿ ಎರಡನೇ ಸಲ ಹೋದಾಗ ಕಾಣಲಿಲ್ಲ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದಾಗ ತಯಾರಾಗಿ ಉಳಿದ ಶೇಡರುಗಳ ಸಂಗ್ರಹ ಅಳಿದು ಮತ್ತೆ ಒಂದೆರಡು ದಿನ ಹಾಗಾಗಬಹುದು, ಆಗ ಅಪ್ಪನ ಹತ್ತಿರ ಕಾರ್ಡಿನ ಮಾತೆತ್ತಬೇಡ ಎಂದು ಹುಡುಗನಿಗೆ ಹೇಳಿಟ್ಟಿದ್ದೇನೆ. ಅಣ್ಣ ಕಾರ್ಡಿನ ಸುದ್ದಿ ಬಿಟ್ಟು ಈಗ ತನ್ನ ಕೋಣೆಗೂ ಒಂದು ಕೇಬಲ್ ಎಳೆಯಲು ಎಷ್ಟು ಮೀಟರ್ ಬೇಕು ಎಂದು ಕೇಳುತ್ತಿದ್ದಾನೆ.